ಅಪ್ಪನ ಕೊನೆಯ ಮಾತು

ಬರಗ್ವಾ ಅಂದರೆ ಫ್ರೆಂಚರ ಬಾಯಲ್ಲಿ ತಲೆಬುಡವಿಲ್ಲದ ಬಡಬಡಿಕೆ. ಅದು ಹುಟ್ಟಿದ್ದು ಹೇಗೆಂದು ಕೇಳಿದರೆ ಫ್ರಾನ್ಸಿನ ಪಡುವಣ ಮೂಲೆಯ ನಮ್ಮ ಬ್ರಿಟನಿಯ ಹಿರಿಯರು ಹೇಳುವುದಿಷ್ಟು: ಹೊಟ್ಟೆಪಾಡಿಗೆ ಫ್ರೆಂಚ್ ಸೀಮೆಗೆ ಹೋದ ನಮ್ಮ ಬಡಪಾಯಿಗಳು ಹೋಟೆಲಿನ ಬಾಗಿಲಲ್ಲಿ ನಿಂತು ‘ಬರಾ, ಗ್ವಿನ್’ ಎನ್ನುತ್ತಿದ್ದರಂತೆ. ನಮ್ಮ ಬ್ರೆಟನ್ ನುಡಿಯಲ್ಲಿ ರೊಟ್ಟಿ, ದ್ರಾಕ್ಷಾರಸ, ಅಷ್ಟೇ. ಕೊಡುವುದು ಹಾಳಾಗಲಿ, ಹಸಿದವರ ಆ ಎರಡು ಮಾತನ್ನೇ ಬೈಗುಳ ಮಾಡಿಕೊಂಡರು ಪುಣ್ಯಾತ್ಮರು! ನಿಜವೋ ಸುಳ್ಳೋ, ಬೈಸಿಕೊಂಡವರಂತೂ ನಾವೇ.

ಕಲ್ಲು ಒಡೆಯುವ ಗ್ವೆನೊಲೆಯ ಮಗಳು ಮಹರಿತ್ ಈ ಬೈಗುಳ ತಪ್ಪಿಸಿಕೊಳ್ಳಲೆಂದೇ ಓದಿದವಳು. ಶಾಲೆಯಲ್ಲಿ ಬ್ರೆಟನ್ ಮಾತಾಡಿದವರ ಕೊರಳಿಗೆ ಮರದ ಹಳೇ ಪಾದರಕ್ಷೆ ಕಟ್ಟುತ್ತಿದ್ದರು. ಅದನ್ನು ಕಳಚಬೇಕಾದರೆ ಹಾಗೆ ಮಾತಾಡುವ ಇನ್ನೊಬ್ಬರನ್ನು ಹಿಡಿದುಕೊಡಬೇಕು. ಮಹರಿತ್ ಸ್ವಂತ ತಂಗಿಯನ್ನೇ ಚಿವುಟಿ ಬಾಯಿ ಬಿಡಿಸಿ ಹಿಡಿದುಕೊಟ್ಟಿದ್ದಳು. ದೊಡ್ಡವಳಾಗಿ ಟೀಚರ್ ಆದ ಮೇಲೆ ಅದನ್ನು ಮಕ್ಕಳ ಕೊರಳಿಗೆ ಕಟ್ಟುವವಳೂ ಅವಳೇ ಆದಳು.

ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ತೀರ್ಮಾನಿಸಲು ಇನ್‌ಸ್ಪೆಕ್ಟರು ಬಂದು ಕೂತಿದ್ದ ಬೆಳಿಗ್ಗೆಯೇ ಅವ್ವ ಕಟಾಯೆಲ್ ಏದುಸಿರು ಬಿಡುತ್ತ ಶಾಲೆಯ ಬಾಗಿಲಿಗೆ ಬಂದು ಬ್ರೆಟನ್‌ನಲ್ಲೇ ಕೂಗಿದಳು.

“ಬೇಗ ಬಾರೇ ಮಗಾ! ಅಪ್ಪಂಗೆ ಮೇಲುಸಿರು ಬಂದೈತೆ. ನಿಂಗೇನೋ ಹೇಳ್ಬೇಕಂತೆ, ನಿನ್ನೇ ಕೇಳ್ತಾವ್ನೆ!”

ಇನ್‌ಸ್ಪೆಕ್ಟರು ಹುಬ್ಬು ಗಂಟಿಕ್ಕಿದರು. “ಯಾರಮ್ಮಾ ಈಕೆ? ಏನಂತಾಳೆ?”

ಆ ಮಾತು ತನಗೆ ಅರ್ಥವಾಯಿತೆಂದು ಒಪ್ಪಿಕೊಂಡರೆ ಕೆಲಸಕ್ಕೆ ಕಲ್ಲು ಬಿತ್ತೆಂದೇ ಮಹರಿತ್ ಎಣಿಸಿದಳು. “ಗೊತ್ತಿಲ್ಲ ಸಾರ್. ಯಾರೋ ಹಳ್ಳಿಯವಳು. ಏನೋ ಬರಗ್ವಾ.”

ಕಟಾಯೆಲ್‌ಗೆ ಫ್ರೆಂಚ್ ಬರುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಪಟ್ಟಣದ ಸಂತೆಯಲ್ಲಿ ಬೆಣ್ಣೆ ಮಾರಿದವಳಿಗೆ ಆ ಒಂದು ಪದ ಗೊತ್ತಿರದೆ ಇರುತ್ತದೆಯೇ? ಮಗಳ ಮುಖವನ್ನು ಒಮ್ಮೆ ನೋಡಿದಳು. ಶಾಲು ಹೊದ್ದುಕೊಂಡು ಹೊರಟುಹೋದಳು.

ಇನ್‌ಸ್ಪೆಕ್ಟರು ಕಾಯಂ ಕಾಗದಕ್ಕೆ ಸಹಿ ಹಾಕಿ ಹೋದರು. ಮಹರಿತ್ ಬಿದ್ದಂಬೀಳ ಊರಿಗೆ ಓಡಿದಳು. ಮನೆಯಲ್ಲಿ ಆಗಲೇ ಸಾವಿನ ವಾಡಿಕೆಯಂತೆ ಗಡಿಯಾರ ನಿಲ್ಲಿಸಿದ್ದರು, ಅಪ್ಪನ ತಲೆದೆಸೆಯಲ್ಲಿ ಮೇಣದಬತ್ತಿ ಹಚ್ಚಿದ್ದರು. ಅವಳು ಅವ್ವನ ಮುಂದೆ ಕುಸಿದು, ಎಷ್ಟೋ ವರ್ಷದ ಮೇಲೆ ತಮ್ಮ ಮಾತಿನಲ್ಲೇ ಅತ್ತಳು.

“ಅವ್ವಾ, ಅಪ್ಪ ಏನಂದ? ನಂಗೇನು ಹೇಳ್ಬೇಕಂತಿದ್ದ?”

ಕಟಾಯೆಲ್ ನೆರೆಯವಳ ಕಡೆ ತಿರುಗಿದಳು. “ಟೀಚರಮ್ಮೋರು ಬಂದವ್ರೆ, ಕುರ್ಚಿ ಹಾಕೇ.” ಆಮೇಲೆ ಮಗಳಿಗೆ ಹೇಳಿದಳು: “ಅವ್ನು ಆಡಿದ್ದು ನಮ್ ಮಾತ್ನಾಗೆ ಕಣ್ರಮ್ಮಾ. ನಿಮ್ಗೆ ತಿಳಿಯಾಕಿಲ್ಲ.”

ಕಟಾಯೆಲ್ ಇನ್ನೂ ಹನ್ನೊಂದು ವರ್ಷ ಬದುಕಿದ್ದಳು. ಮಹರಿತ್ ಪ್ರತಿ ಭಾನುವಾರ ಹೋಗಿ ಕಾಲು ಹಿಡಿಯುವುದೊಂದು ಬಾಕಿ, ಗೋಗರೆದು ಕೇಳುತ್ತಿದ್ದಳು. ಅವ್ವ ಕುರ್ಚಿ ಹಾಕುತ್ತಿದ್ದಳು, ‘ಬನ್ನಿ’ ಅನ್ನುತ್ತಿದ್ದಳು. ಗಂಡ ಹೇಳಿದ್ದೇನೆಂದು ಮಾತ್ರ ಸಾಯುವ ತನಕ ಬಾಯಿ ಬಿಡಲಿಲ್ಲ.