ಹಸುವಿನ ಕಾವಿನಲ್ಲಿ ಎದ್ದ ಬಿಯರ್

ನನ್ನ ಗಂಡ ದೆಲ್ಮೋ ನಮ್ಮ ಕಣಿವೆಯ ಬಸ್ ಓಡಿಸುತ್ತಿದ್ದ. ಮನೆಗೆ ಬಂದ ಮೇಲೆ ಬಿಯರ್ ಮಾಡುತ್ತಿದ್ದ. ಬಸ್ಸಿನ ಯೂನಿಫಾರ್ಮ್ ಕೂಡ ಬಿಚ್ಚದೆ ಹಂಡೆ ಕಲಕುತ್ತಾ ನಿಂತಿರುತ್ತಿದ್ದ.

ನಮ್ಮ ಕಡೆ ಅದು ನಗೆಪಾಟಲಿನ ಕೆಲಸ. ಕೆಳಗಿನ ಗುಡ್ಡಗಳಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ಮೇಲೆ ನಮ್ಮಲ್ಲಿ ಚೆಸ್ಟ್‌ನಟ್ ಮರ ಬಿಟ್ಟರೆ ಬರೀ ಕಲ್ಲು. ಎಲೆ ಉದುರುವ ಕಾಲಕ್ಕೆ ಕಾಯಿ ಆರಿಸಿ, ಅಟ್ಟದ ಮೇಲೆ ಹರಡಿ, ಕೆಳಗಿನಿಂದ ಹೊಗೆ ಕೊಟ್ಟು ಒಣಗಿಸುತ್ತೇವೆ. ಆ ಹೊಗೆ ಹಿಡಿದ ಕಾಯಿಯನ್ನು ಬಾರ್ಲಿಯ ಜೊತೆ ಬೇಯಿಸಿ ಅವನು ಬಿಯರ್ ಮಾಡಿದ.

ಅವನ ಅಣ್ಣ ಬಾಸ್ತಿಯಾನ್ ಕೆಳಗಿನ ಊರಿನಲ್ಲಿ ದ್ರಾಕ್ಷಿ ಬೆಳೆಯುವವನು. ಮನೆಗೆ ಬಂದಾಗಲೆಲ್ಲ ಚುಚ್ಚುತ್ತಿದ್ದ.

"ಬಿಯರ್ ಅಂದ್ರೆ ಪಿಜ್ಜಾ ಗಂಟಲಲ್ಲಿ ಇಳಿಸೋ ನೀರು ಕಣೋ."

"ನಿನ್ನ ವೈನ್ ಮತ್ತೆ ಯಾತಕ್ಕೆ? ಪಾತ್ರೆ ಉಜ್ಜೋಕಾ?" ಅಂತ ದೆಲ್ಮೋ ಕೇಳುತ್ತಿದ್ದ.

ಬಿಯರ್ ಎಬ್ಬಿಸಲು ಅವನು ಹಾಕುತ್ತಿದ್ದ ಹೆಪ್ಪು ಅಂಗಡಿಯದಲ್ಲ. ಮೊದಲ ವರ್ಷ ಹಸಿ ಚೆಸ್ಟ್‌ನಟ್ ಸಿಪ್ಪೆಯನ್ನು ಸಕ್ಕರೆ ನೀರಿನಲ್ಲಿ ನೆನೆಹಾಕಿ ತಾನೇ ಎಬ್ಬಿಸಿದ್ದು. ಆಮೇಲೆ ಪ್ರತಿ ಸಲ ಬಿಯರಿನ ಮೇಲೆ ಬಂದ ನೊರೆಯನ್ನು ಒಂದಿಷ್ಟು ಗಾಜಿನ ಜಾಡಿಗೆ ಎತ್ತಿಡುತ್ತಿದ್ದ. ಮುಂದಿನ ಬಿಯರ್ ಹುಟ್ಟುವುದು ಅದರಿಂದಲೇ. ಆ ಜಾಡಿಯನ್ನು "ನನ್ನ ಮಗಳು" ಅನ್ನುತ್ತಿದ್ದ. ನಮಗೆ ಮಕ್ಕಳಿರಲಿಲ್ಲ.

ಒರಿಯಾನಾ ಎಂಬ ಹುಡುಗಿ ಟೊರೀನೊ ನಗರದಿಂದ ವ್ಯಾನಿನಲ್ಲಿ ಜನರನ್ನು ಕರೆತರುತ್ತಿದ್ದಳು. ಕಣಿವೆ ಕಣಿವೆ ಸುತ್ತಿಸಿ, ಮನೆ ಮನೆಯ ಬಿಯರ್ ಕುಡಿಸಿ, ಊಟ ಹಾಕಿಸುವುದು ಅವಳ ಕೆಲಸ. ಕೊನೆಯ ಮನೆ ನಮ್ಮದು. ನಾನು ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತಿರುವುತ್ತಿದ್ದೆ, ಚೆಸ್ಟ್‌ನಟ್ಟನ್ನು ಹಾಲಿನಲ್ಲಿ ಬೇಯಿಸುತ್ತಿದ್ದೆ, ಹಳೆಯ ಚೀಸ್ ಕೊಯ್ದಿಡುತ್ತಿದ್ದೆ. ದೆಲ್ಮೋ ಗ್ಲಾಸು ತುಂಬಿಸಿ ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದ.

ಜನವರಿಯಲ್ಲಿ ಅವನು ಹೋದ. ಕೊನೆಯ ನಿಲ್ದಾಣದಲ್ಲಿ ಬಸ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಮೇಲೆ ತಲೆಯಿಟ್ಟ. ಬಸ್ಸಿನಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ.

ಒಬ್ಬಳೇ ಹಾಲು ಕರೆದು ಏನು ಮಾಡಲಿ ಅಂತ ಹಸು ಗ್ರೀಸಾಳನ್ನು ಬಾಸ್ತಿಯಾನನ ಮನೆಗೆ ಅಟ್ಟಿದೆ. ಮಾರ್ಚಿನಲ್ಲಿ ಒರಿಯಾನಾ ಫೋನ್ ಮಾಡಿದಳು.

"ತೆರ್ಸಿಲ್ಲಾ, ಮೇ ತಿಂಗಳ ಗುಂಪಿಗೆ ನಿಮ್ಮ ಮನೆಗೇ ಅಂತ ಮೊದಲೇ ಹೇಳಿಬಿಟ್ಟಿದ್ದೆ. ಅವರನ್ನ ಬೇರೆ ಕಡೆ ಕರ್ಕೊಂಡು ಹೋಗ್ತೀನಿ. ನೀವು ಬೇಜಾರು ಮಾಡ್ಕೋಬೇಡಿ."

"ಇಲ್ಲಿಗೇ ಕರ್ಕೊಂಡು ಬಾ."

"ಬಿಯರು?"

"ಇರುತ್ತೆ."

ಬಿಯರ್ ಇರಲಿಲ್ಲ. ಒಣಗಿದ ಕಾಯಿಯ ಚೀಲಗಳಿದ್ದವು. ನೆಲಮಾಳಿಗೆಯಲ್ಲಿ ಜಾಡಿ ಇತ್ತು. ಜಾಡಿಯಲ್ಲಿದ್ದದ್ದು ಬದುಕಿದೆಯೋ ಸತ್ತಿದೆಯೋ ತಿಳಿಯದು. ಅದೂ ಸತ್ತಿದ್ದರೆ ದೆಲ್ಮೋ ಮಾಡಿದ್ದು ಈ ಭೂಮಿಯ ಮೇಲೆ ಏನೂ ಉಳಿಯುವುದಿಲ್ಲ. ನನಗೆ ಆ ಯೋಚನೆ ಒಂದೇ.

ಅವನು ಮಾಡುವುದನ್ನು ನೋಡಿದ್ದೆನಲ್ಲ, ಹಾಗೇ ಬೇಯಿಸಿದೆ, ಸೋಸಿದೆ, ಆರಿಸಿದೆ. ಕೊಟ್ಟಿಗೆಯಲ್ಲಿ ಅವನಿಡುತ್ತಿದ್ದ ಜಾಗದಲ್ಲೇ ಹಂಡೆ ಇಟ್ಟು ಜಾಡಿಯ ಹೆಪ್ಪು ಹಾಕಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ನೊರೆಯಿಲ್ಲ, ಕಂದು ನೀರು ಸುಮ್ಮನೆ ನನ್ನನ್ನೇ ನೋಡುತ್ತಿತ್ತು. ಮರುದಿನವೂ ಅಷ್ಟೇ.

ಬಾಸ್ತಿಯಾನ್ ಬಂದು ಬಗ್ಗಿ ನೋಡಿದ. "ಅಂಗಡೀಲಿ ಯೀಸ್ಟ್ ಪ್ಯಾಕೆಟ್ ಸಿಗುತ್ತೆ ಮಾರಾಯ್ತಿ. ಒಂದು ಸುರಿ. ಆ ವ್ಯಾನಿನವರಿಗೆ ಏನು ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

ಹಂಡೆಯ ಮೇಲೆ ಕೈಯಿಟ್ಟೆ. ಕಲ್ಲಿನಷ್ಟು ತಣ್ಣಗಿತ್ತು. ಆಗ ಕಣ್ಣು ಗ್ರೀಸಾಳ ಖಾಲಿ ಗೋದಲಿಯ ಮೇಲೆ ಬಿತ್ತು.

ಹಿಂದೆಲ್ಲ ಇಲ್ಲಿ ಚಳಿಗಾಲದ ಸಂಜೆ ಎಲ್ಲರೂ ಕೊಟ್ಟಿಗೆಯಲ್ಲೇ ಕೂರುತ್ತಿದ್ದೆವು. ಹೆಂಗಸರು ಉಣ್ಣೆ ಹೆಣೆಯುತ್ತಾ, ಗಂಡಸರು ಬುಟ್ಟಿ ಕಟ್ಟುತ್ತಾ. ಸೌದೆ ಸುಡದೆ ಸಿಗುವ ಕಾವು ಹಸುಗಳ ಮೈಯದೊಂದೇ. ನಾನು ಹುಟ್ಟಿದ್ದೂ ಆ ಕಾವಿನಲ್ಲೇ. ದೆಲ್ಮೋ ಹಂಡೆಯನ್ನು ಗ್ರೀಸಾಳ ಪಕ್ಕದಲ್ಲಿಡುತ್ತಿದ್ದದ್ದು ಜಾಗವಿಲ್ಲದೆ ಅಲ್ಲ. ನಾನು ಹಂಡೆ ಇಟ್ಟೆ, ಹಸುವನ್ನು ಕಳಿಸಿಬಿಟ್ಟಿದ್ದೆ.

"ಬಾಸ್ತಿಯಾನ್, ಹಸು ವಾಪಸ್ ಬೇಕು."

"ಯಾಕೆ, ಹಾಲು ಸಾಲ್ತಿಲ್ವಾ?"

"ಹಾಲಿಗಲ್ಲ. ಬಿಯರಿಗೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ದುಃಖಕ್ಕೆ ತಲೆ ಕೆಡುತ್ತೆ ಅಂತಾರೆ. ಇಷ್ಟು ಬೇಗ ಅಂದ್ಕೊಂಡಿರ್ಲಿಲ್ಲ."

"ಹಸು ತರ್ತೀಯೋ, ನಿನ್ನನ್ನೇ ಇಲ್ಲಿ ಕಟ್ಟಿ ಹಾಕ್ಲೋ?"

ಸಂಜೆಯೊಳಗೆ ಗ್ರೀಸಾಳನ್ನು ಹೊಡೆದುಕೊಂಡು ಬಂದ. ಹಿಂದೆ ತನ್ನವೇ ಎರಡು ಕರುಗಳು. "ಒಂದರ ಕಾವು ಎಲ್ಲಿ ಸಾಲುತ್ತೆ?" ಅಂದ. ಮುಖ ಮಾತ್ರ ಆ ಕಡೆಗಿತ್ತು.

ಕೊಟ್ಟಿಗೆ ಮೆಲ್ಲಗೆ ಬಿಸಿಯಾಯಿತು. ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದೆ. ಒಣ ಎಲೆಯಲ್ಲಿ ಹಕ್ಕಿ ಕೆದಕಿದ ಹಾಗೆ ಏನೋ ಸದ್ದು. ಕರೆಯುವುದು ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ.

ಮುಚ್ಚಳ ತೆಗೆದೆ. ನೊರೆ ಅಂಚಿನವರೆಗೆ ಎದ್ದಿತ್ತು. ಏಳುತ್ತಿತ್ತು, ಬಿರಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಹೊಗೆಯ ವಾಸನೆ, ಜೇನಿನ ವಾಸನೆ, ದೆಲ್ಮೋನ ಅಂಗಿ ತೋಳಿನ ವಾಸನೆ. ಕೈ ಒದ್ದೆಯಿದ್ದರೂ ಶಿಲುಬೆಯ ಗುರುತು ಹಾಕಿಕೊಂಡೆ. ಅವನು ಮಣ್ಣಿನಲ್ಲಿದ್ದಾನೆ. ಅವನು ಸಾಕಿದ್ದು ಇಲ್ಲಿ ಉಸಿರಾಡುತ್ತಿದೆ. ಎಷ್ಟು ಹೊತ್ತು ನಿಂತಿದ್ದೆನೋ, ಗ್ರೀಸಾ ಬಾಲದಲ್ಲಿ ಬಾರಿಸಿದಾಗ ಎಚ್ಚರವಾಯಿತು.

ಮೇ ತಿಂಗಳಲ್ಲಿ ವ್ಯಾನ್ ಬಂತು. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಎರಡನೆಯ ಹಂಡೆಯೂ ನೊರೆಯೇಳತೊಡಗಿತ್ತು. ಬಾಸ್ತಿಯಾನ್ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದು ಮೇಜಿನ ತುದಿಯಲ್ಲಿ ಕೂತ. ತಮ್ಮನ ಬಿಯರನ್ನು ಅವನು ಒಮ್ಮೆಯೂ ಕುಡಿದವನಲ್ಲ. ಅವತ್ತು ಕುಡಿದ. ಗ್ಲಾಸು ಮುಂದೆ ಚಾಚಿದ.

"ನಿಮ್ಮ ಮನೆ ಗ್ಲಾಸು ಸಣ್ಣದು" ಅಂದ.

ಡೆನ್ಮಾರ್ಕಿನ ಒಬ್ಬ ದಪ್ಪ ಹೆಂಗಸು ಇದನ್ನು ಎಲ್ಲಿ ಮಾಡುತ್ತೀರಿ ಅಂತ ಒರಿಯಾನಾಳ ಬಾಯಲ್ಲಿ ಕೇಳಿಸಿದಳು. ಎಲ್ಲರನ್ನೂ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಆ ಹೆಂಗಸು ಬಗ್ಗಿ ಹಂಡೆಗೆ ಕಿವಿಯಿಟ್ಟಳು. ಕಣ್ಣು ದೊಡ್ಡದಾಯಿತು. ಗಂಡನ ತೋಳು ಹಿಡಿದೆಳೆದು ಅವನ ಕಿವಿಯನ್ನೂ ಇಡಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ಕೇಳಿದರು. ಬಾಸ್ತಿಯಾನ್ ಟೋಪಿ ತೆಗೆದ.

ನಾನು ಮುಚ್ಚಳ ಎತ್ತಿ ನೊರೆಯನ್ನು ಜಾಡಿಗೆ ತುಂಬಿಸಿ, ಅವನ ಕೈಗೆ ಕೊಟ್ಟೆ. ಜಾಡಿಯ ಬಾಯಿಗೆ ಬಟ್ಟೆ ಕಟ್ಟಬೇಕಿತ್ತು.

"ಹುಷಾರಾಗಿ ಹಿಡ್ಕೋ."

"ಗೊತ್ತು ಬಿಡೆ" ಅಂದ, ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು. "ನನ್ನ ತಮ್ಮನ ಮಗಳಲ್ವಾ."