ಪಟ್ಟಿಯ ಕೆಳಗಿದ್ದ ಮೂರು

ಅಣ್ಣ ಅಂಗಡಿಗೆ ಬಂದ ಕೊನೆಯ ದಿನ ಒಂದು ಸೋಮವಾರ. ನಾಲ್ಕು ವರ್ಷವಾಯಿತು. ಕಲಬುರಗಿಯ ಕೋಟೆ ಹತ್ತಿರ ನಮ್ಮದು ಚರ್ಮದ ಚೀಲ, ಬೆಲ್ಟು ರಿಪೇರಿ ಮಾಡುವ ಸಣ್ಣ ಅಂಗಡಿ. ಸತ್ತವರ ಗುರುತು ಕಂಡೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಹಾ ತರಲು ಹೋಗುತ್ತಿದ್ದೆ. ಅಂಥದ್ದನ್ನು ಆಗ ನಂಬುತ್ತಿರಲಿಲ್ಲ. ಈಗ ನಂಬುತ್ತೇನೆಯೋ, ಗೊತ್ತಿಲ್ಲ.

ಅವತ್ತು ಕಮಲಾಪುರದಿಂದ ಖಾದರ್ ಸಾಹೇಬರು ಬಂದರು. ನಿವೃತ್ತ ಮೇಷ್ಟ್ರು. ಕೈಯಲ್ಲಿ ಪಿಸ್ತೂಲು ಇಡುವ ಹಳೆಯ ಚರ್ಮದ ಚೀಲ. ಪಿಸ್ತೂಲಿಲ್ಲ, ಬರೀ ಚೀಲ. ಮಹಾಯುದ್ಧಕ್ಕೆ ಹೋಗಿದ್ದ ಅವರ ಅಜ್ಜ ತಂದ ಜರ್ಮನ್ ಸೈನ್ಯದ ವಸ್ತುವಂತೆ. ಹಿಂಬದಿಯಲ್ಲಿ ಸಣ್ಣ ಹದ್ದಿನ ಅರ್ಧ ಮುದ್ರೆ, ಪಕ್ಕದಲ್ಲಿ ಇಸವಿಯ ಮೊದಲೆರಡು ಅಂಕಿ ಕಾಣುತ್ತಿದ್ದವು. ಉಳಿದದ್ದು, ಬೆಲ್ಟು ತೂರಿಸಲೆಂದು ಆಮೇಲೆ ಯಾರೋ ಹೊಲಿದ ಅಗಲ ಪಟ್ಟಿಯ ಕೆಳಗೆ ಮುಚ್ಚಿಹೋಗಿತ್ತು. ಪಟ್ಟಿ ಬಿಚ್ಚಿ, ಇಸವಿ ನೋಡಿ, ಮತ್ತೆ ಹಾಗೆಯೇ ಹೊಲಿದು ಕೊಡಬೇಕಿತ್ತು.

ಅಣ್ಣ ಹೊಲಿಗೆಯ ಮೇಲೆ ಉಗುರಾಡಿಸಿ ನಕ್ಕ. “ಚೀಲ ಅವರದ ಖರೆ, ಪಟ್ಟಿ ಮಾತ್ರ ನಮ್ಮ ಕಡಿ ಕೈ ಅದರೀ ಸಾಹೇಬ್ರ. ಜರ್ಮನ್ ಮಂದಿ ಇಷ್ಟ್ ಸೊಟ್ಟ ಹೊಲಿತಾರೇನ್ರಿ?”

“ನಮ್ಮಜ್ಜ ಹೊಲಿಸಿದ್ದಪಾ ಅದು. ಆಗ ನಿಮ್ಮಪ್ಪನೂ ಹುಟ್ಟಿರಲಿಲ್ಲ.”

“ಹಂಗಾದ್ರ ನನ್ನ ಮ್ಯಾಲ ತಪ್ಪ್ ಹಾಕಬ್ಯಾಡ್ರಿ ಮತ್ತ. ನಾಳಿ ಬಿಚ್ಚತೀನಿ.”

ಚೀಲವನ್ನು ಕಪಾಟಿನಲ್ಲಿಟ್ಟು ಇಬ್ಬರೂ ಒಟ್ಟಿಗೇ ಬೀಗ ಹಾಕಿ ಮನೆಗೆ ಹೋದೆವು. ಮರುದಿನ ಬೆಳಿಗ್ಗೆ ಅಣ್ಣ ಏಳಲಿಲ್ಲ.

ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನೇ ಬಿಚ್ಚಲು ಕೂತೆ. ದಾರ ಎಷ್ಟು ಹಳೆಯದೆಂದರೆ, ಮುಟ್ಟಿದಲ್ಲೆಲ್ಲ ಕಪ್ಪು ಪುಡಿಯಾಗಿ ಉದುರುತ್ತಿತ್ತು. ಪಟ್ಟಿ ಎತ್ತಿದಾಗ ಹದ್ದಿನ ಇನ್ನೊಂದು ರೆಕ್ಕೆ, ಉಳಿದೆರಡು ಅಂಕಿ ಕಂಡವು. ಪಟ್ಟಿಯ ಒಳಮೈಯಲ್ಲಿ ಕನ್ನಡದ ‘೩’ರ ಅಂಕಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ, ಕೊರೆದಿತ್ತು. ಅದರ ಕೆಳಗೊಂದು ಚುಕ್ಕಿ.

ಬಿಚ್ಚುವ ತುಂಡುಗಳಿಗೆ ದಬ್ಬಳದ ತುದಿಯಿಂದ ನಂಬರು ಕೊರೆಯುವುದು ನಮ್ಮ ಮನೆಯ ರೂಢಿ. ಅಣ್ಣ ಶಾಲೆಗೆ ಹೋದವನಲ್ಲ. ಅಪ್ಪ ಕೊರೆದ ಅಂಕಿಗಳು ತೆಳು ಚರ್ಮದ ಹಿಂಬದಿಗೆ ತಿರುಗಿ ಉಬ್ಬಿ ಕಾಣುತ್ತವಲ್ಲ, ಅವನ್ನು ನೋಡಿ ಕಲಿತ. ಉಳಿದವನ್ನು ಅಪ್ಪ ತಿದ್ದಿಸಿದರು. ಮೂರರ ಅಂಕಿ ಮಾತ್ರ ಕೊನೆಯವರೆಗೂ ತಿರುಗಿಯೇ ಉಳಿಯಿತು. ನಾನು ಗೇಲಿ ಮಾಡಿದಾಗ, “ತಪ್ಪಲ್ಲೋ, ಇದು ನನ್ನ ಸಹಿ” ಎಂದು ಕೆಳಗೊಂದು ಚುಕ್ಕಿ ಸೇರಿಸಿದ್ದ. ಅವನು ಬರೆದದ್ದೇನಿದ್ದರೂ ಗಿರಾಕಿಗಳ ಚೀಲಗಳೊಳಗೆ ಹೊಲಿದುಹೋಗಿದೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ.

ಹೊಲಿಯದೆಯೇ ಕಮಲಾಪುರಕ್ಕೆ ಹೋದೆ. “ಸಾಹೇಬ್ರ, ಹೊಸ ಪಟ್ಟಿ ಹಾಕಿಕೊಡ್ತೀನ್ರಿ. ಇದಷ್ಟ್ ನನಗ ಕೊಡ್ರಿ” ಎಂದೆ. ಎಲ್ಲ ಹೇಳಿದೆ.

ಅವರು ಇಸವಿ ನೋಡಲೇ ಇಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದರು. “ನಿಮ್ಮಣ್ಣ ಮೊದಲೇ ಬಿಚ್ಚಿದ್ದನೇನಪಾ?”

“ಇಲ್ರೀ.”

ಸಾಹೇಬರು ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು. “ಅಜ್ಜ ಇದರ ಮ್ಯಾಲ ದಿನಾ ಕೈ ಆಡಿಸತಿದ್ರು. ಅವರದಂತ ಮನ್ಯಾಗ ಉಳಿದದ್ದು ಇದೊಂದೇ, ತಮ್ಮಾ. ಹ್ಯಾಂಗ ಕೊಡ್ಲಿ?”

ಅವರ ಕಟ್ಟೆಯ ಮೇಲೆಯೇ ಕೂತು, ಹಳೆಯ ತೂತುಗಳಲ್ಲೇ ದಾರ ಎಳೆದು ಪಟ್ಟಿಯನ್ನು ಮುಚ್ಚಿದೆ. ಫೋನಿನಲ್ಲಿ ಒಂದು ಫೋಟೋ ತೆಗೆಯಬಹುದಿತ್ತು ಎಂದು ಹೊಳೆದದ್ದು ವಾಪಸು ಬಸ್ಸಿನಲ್ಲಿ.

ಅವರ ಅಜ್ಜನ ಕಾಲದಲ್ಲಿ ಪಟ್ಟಿ ಹೊಲಿದವನಿಗೂ ಅದೇ ತಪ್ಪು ರೂಢಿಯಾಗಿತ್ತೆ? ಇರಬಹುದು. ಆದರೆ ಚುಕ್ಕಿ? ಹೋದ ವರ್ಷ ಸಾಹೇಬರೂ ತೀರಿಕೊಂಡರು. ಚೀಲ ಯಾರ ಹತ್ತಿರ ಹೋಯಿತೆಂದು ಅವರ ಮನೆಯವರಿಗೂ ತಿಳಿಯದು.

ಅಣ್ಣನ ಕೈಬರಹ ನಮ್ಮ ಮನೆಯಲ್ಲಿ ಒಂದೂ ಇಲ್ಲ.