ಆರದ ಆಯಿಲ್ ಲೈಟು

ಇಬ್ರಾಹಿಂಪುರದ ನಮ್ಮ ಗಾಡಿ ಎಲೆಕ್ಟ್ರಿಷಿಯನ್ ಪ್ರತಿ ಬಲ್ಬನ್ನೂ ಅಂಗಿಗೆ ಒರೆಸಿ, ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಏನು ಕೇಳಿದರೂ ಒಂದೇ ಮಾತು: "ಅದೇನಿಲ್ಲ ಬಿಡ್ರಿ."

ತನ್ನ ಹಳೇ ಕಾರಿನ ಡ್ಯಾಶ್‌ಬೋರ್ಡಿನ ಬಲ್ಬು ತೆಗೆದು ಎಲ್‌ಇಡಿ ಹಾಕಿದ್ದ. ಅವು ಚೂರು ಕರೆಂಟ್ ಸೋರಿದರೂ ಉರಿಯುವಂಥವು. ಹಾಗಾಗಿ ಎಂಜಿನ್ ಆಯಿಲ್ ಕಡಿಮೆಯಾದಾಗಷ್ಟೇ ಉರಿಯಬೇಕಾದ ಆಯಿಲ್ ಲೈಟು ಆರದೆ ಸದಾ ಮಿಣುಕುತ್ತಿತ್ತು.

ಒಮ್ಮೆ ನಾನೂ ಅವನೂ ಆ ಕಾರಿನಲ್ಲೇ ಕನಮಡಿಗೆ ಹೊರಟಿದ್ದೆವು. ತಿಕೋಟಾ ದಾಟಿದ ಮೇಲೆ ಆ ಲೈಟು ಜೋರಾಗಿ ಉರಿಯಿತು.

"ಆಯಿಲ್ ನೋಡೂಣೇನಪಾ?" ಅಂದೆ.

"ಅದೇನಿಲ್ಲ ಬಿಡ್ರಿ, ಎಲ್‌ಇಡಿ ಹಂಗ ಉರಿತೈತಿ."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಜಾಮ್ ಆಗಿ ನಿಂತಿತು. ಒಳಗೆ ಹನಿ ಆಯಿಲ್ ಇರಲಿಲ್ಲ.

ಆಮೇಲೆ ಏನು ಕೇಳಿದರೂ "ತಡೀರಿ, ನೋಡೂಣು" ಎಂದು ಬಾನೆಟ್ ಎತ್ತತೊಡಗಿದ. ಏನೂ ಕೆಡದ ನನ್ನ ಗಾಡಿಯನ್ನು ಎಷ್ಟೋ ಸಲ ಆ ಹಳೇ ಮಾತು ಕೇಳುವ ಆಸೆಗೆ ಅವನ ಮುಂದೆ ಒಯ್ದು ನಿಲ್ಲಿಸಿದೆ. "ಅದೇನಿಲ್ಲ ಬಿಡ್ರಿ" ಮಾತ್ರ ಮತ್ತೆ ಕೇಳಿಸಲಿಲ್ಲ.